ಬಿಸಿಲು ಹತ್ತುವ ವಿಮಾನಗಳು

ಜನವರಿ ಬಂತೆಂದರೆ ನಮ್ಮ ಮುಳಗುಂದದಲ್ಲಿ ಮುಂಜಾನೆ ಸ್ವೆಟರ್ ಬೇಕು. ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದಿರುತ್ತದೆ, ಕಡಲೆ ಗಿಡದ ತುಂಬ ಕಾಯಿ. ಅದೇ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಕಡು ಬೇಸಿಗೆ ನಡೆದಿರುತ್ತದೆ, ಮಕ್ಕಳೇ. ನಮಗೆ ಚಳಿಗಾಲ ಇದ್ದಾಗ ಭೂಮಿಯ ದಕ್ಷಿಣದ ಅರ್ಧಕ್ಕೆ ಬೇಸಿಗೆ. 2020ರ ಜನವರಿಯಲ್ಲಿ ಅಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಲೇಕ್ ಕೀಪಿಟ್ ಎಂಬ ಜಲಾಶಯದ ಪಕ್ಕದ ಬಯಲಿನಲ್ಲಿ, ಮಹಿಳೆಯರ ವಿಶ್ವ ಗ್ಲೈಡಿಂಗ್ ಸ್ಪರ್ಧೆ ಏರ್ಪಾಡಾಗಿತ್ತು. ಎಂಜಿನ್ನಿನ ನೆರವಿಲ್ಲದೆ ವಿಮಾನ ಹಾರಿಸುವವರ ಓಟ ಅದು. ಒಳ್ಳೆಯ ಬಿಸಿಲಿನ ದಿನ ಇಂಥ ಓಟದಲ್ಲಿ ಮುನ್ನೂರು, ನಾನೂರು ಕಿಲೋಮೀಟರ್ ಹೋಗಿಬರುತ್ತಾರೆ. ನಾನೂರು ಕಿಲೋಮೀಟರ್ ಅಂದರೆ ಹೆಚ್ಚುಕಡಿಮೆ ಇಲ್ಲಿಂದ ಬೆಂಗಳೂರಿಗೆ ಹೋದಷ್ಟು. ಒಂದು ತೊಟ್ಟು ಪೆಟ್ರೋಲ್ ಸುಡದೆ!

ಗ್ಲೈಡರ್ ಎಂದರೆ ಹೇಗಿರುತ್ತದೆ? ತೆಳ್ಳನೆಯ ಬಿಳಿ ಮೈ, ಉದ್ದುದ್ದ ರೆಕ್ಕೆ. ಈ ಸ್ಪರ್ಧೆಗಳಲ್ಲಿ ಒಂದು ವರ್ಗದ ಗ್ಲೈಡರ್‌ಗಳಿಗೆ ರೆಕ್ಕೆಯ ತುದಿಯಿಂದ ತುದಿಗೆ 18 ಮೀಟರ್. ಗದಗಿಗೆ ಹೋಗುವ ಸಾರಿಗೆ ಬಸ್ಸಿನ ಉದ್ದಕ್ಕೆ ಇನ್ನರ್ಧ ಬಸ್ಸು ಸೇರಿಸಿ ನೋಡಿ, ಅಷ್ಟಾಗುತ್ತದೆ. ಒಳಗೆ ಒಬ್ಬರು ಕಾಲು ಮುಂದಕ್ಕೆ ಚಾಚಿ, ಅರ್ಧ ಮಲಗಿದ ಹಾಗೆ ಕೂತಿರುತ್ತಾರೆ. ಎಂಜಿನ್ನಿರುವ ಇನ್ನೊಂದು ಪುಟ್ಟ ವಿಮಾನ ಇದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ಯುತ್ತದೆ. ಸುಮಾರು 600 ಮೀಟರ್ ಎತ್ತರಕ್ಕೆ ಹೋದ ಮೇಲೆ ಪೈಲಟ್ ಒಂದು ಗುಂಡಿ ಎಳೆದರೆ ಹಗ್ಗ ಕಳಚಿಕೊಳ್ಳುತ್ತದೆ. ಎಳೆದು ತಂದ ವಿಮಾನ ವಾಪಸ್ ಇಳಿದುಹೋಗುತ್ತದೆ.

ಈಗ ಒಂದು ಪ್ರಶ್ನೆ ಏಳಬೇಕು ನಿಮಗೆ. ಮೇಲೆ ಹೋದದ್ದೆಲ್ಲ ಕೆಳಗೆ ಬರಲೇಬೇಕಲ್ಲ? ಹೌದು, ಗ್ಲೈಡರ್ ಕೂಡ ಪ್ರತಿ ಕ್ಷಣ ಕೆಳಗಿಳಿಯುತ್ತಲೇ ಇರುತ್ತದೆ. ಆದರೆ ಬಲು ನಿಧಾನ. ಒಂದು ಮೀಟರ್ ಇಳಿಯುವಷ್ಟರಲ್ಲಿ ನಲವತ್ತು, ಐವತ್ತು ಮೀಟರ್ ಮುಂದಕ್ಕೆ ಜಾರಿರುತ್ತದೆ. ಮುಳಗುಂದದ ಮೇಲೆ ಒಂದು ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರೆ, ಗಾಳಿ ಸುಮ್ಮನಿದ್ದ ದಿನ, ಅದು ಹುಬ್ಬಳ್ಳಿಯ ಹತ್ತಿರದವರೆಗೆ ಹೋಗಿ ನೆಲ ಮುಟ್ಟೀತು. ಅಷ್ಟಕ್ಕೆ ಅರ್ಧ ಗಂಟೆ ಸಾಕು. ಹಾಗಾದರೆ ನಾಲ್ಕು, ಐದು ಗಂಟೆ ಆಕಾಶದಲ್ಲೇ ಇರುವುದು ಹೇಗೆ? ನಡುನಡುವೆ ಯಾರೋ ಅದನ್ನು ಮತ್ತೆ ಮೇಲೆತ್ತಬೇಕು. ಎತ್ತುವವನು ಸೂರ್ಯ.

ಅಮ್ಮ ಚಹಾಕ್ಕೆ ನೀರಿಟ್ಟಾಗ, ಒಲೆಯಿಂದ ತುಸು ದೂರ ನಿಂತು ಆ ನೀರನ್ನೇ ನೋಡಿ. ಚಹಾಪುಡಿ ಹಾಕುವ ಮೊದಲು ನೋಡಬೇಕು. ಬಿಸಿ ತಾಗುವುದು ಪಾತ್ರೆಯ ತಳಕ್ಕೆ. ಅಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಆದರೆ ಕೂಡಲೇ ಮೇಲೆ ಬರುವುದಿಲ್ಲ. ತಳಕ್ಕೆ ಅಂಟಿಕೊಂಡೇ ದಪ್ಪಗಾಗುತ್ತವೆ. ಆಮೇಲೆ ಒಂದು ಕಿತ್ತುಕೊಂಡು ಮೇಲೇರುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಜಾಗದಿಂದ ಇನ್ನೊಂದು, ಮತ್ತೊಂದು. ಪಾತ್ರೆಯ ಎಲ್ಲ ಕಡೆಯಿಂದಲೂ ಒಂದೇ ಸಮ ಏಳುವುದಿಲ್ಲ. ಕೆಲವು ಜಾಗಗಳಿಂದ ಹೆಚ್ಚು, ಕೆಲವು ಕಡೆ ಏನೂ ಇಲ್ಲ. ಇದನ್ನು ಚೆನ್ನಾಗಿ ನೋಡಿ ನೆನಪಿಟ್ಟುಕೊಂಡರೆ ಮುಂದಿನ ಮಾತೆಲ್ಲ ಸಲೀಸು.

ಬಿಸಿಲು ಗಾಳಿಯನ್ನು ನೇರವಾಗಿ ಅಷ್ಟಾಗಿ ಕಾಯಿಸುವುದಿಲ್ಲ. ಗಾಳಿಯನ್ನು ದಾಟಿ ಬಂದು ಮೊದಲು ನೆಲವನ್ನು ಕಾಯಿಸುತ್ತದೆ, ಕಾದ ನೆಲ ತನ್ನನ್ನು ಮುಟ್ಟಿಕೊಂಡ ಗಾಳಿಯನ್ನು ಕಾಯಿಸುತ್ತದೆ. ಏಪ್ರಿಲ್ ತಿಂಗಳ ನಮ್ಮ ಎರೆಹೊಲ ನೆನೆಸಿಕೊಳ್ಳಿ. ಬೆಳೆ ಕೊಯ್ದಾಗಿದೆ, ಹತ್ತಿಕಟ್ಟಿಗೆ ಕಿತ್ತಾಗಿದೆ, ಕಪ್ಪು ಮಣ್ಣು ಬಿರುಕು ಬಿಟ್ಟು ಬಿಸಿಲಿಗೆ ಮೈಯೊಡ್ಡಿ ಬಿದ್ದಿದೆ. ಮಧ್ಯಾಹ್ನ ಬರಿಗಾಲಲ್ಲಿ ಕಾಲಿಟ್ಟರೆ ಚುರುಕ್ಕೆನ್ನುತ್ತದೆ. ಪಕ್ಕದಲ್ಲೇ ಕೊಳವೆಬಾವಿ ನೀರಿನ ಒಂದು ಹಸಿರು ತುಂಡು ಇದ್ದರೆ ಅಲ್ಲಿ ಕಾಲಿಟ್ಟು ನೋಡಿ, ತಂಪು. ಕಪ್ಪು ಮಣ್ಣು ಬಿಸಿಲನ್ನು ಹೆಚ್ಚು ಹೀರುತ್ತದೆ. ಹಸಿರು ಹೊಲದಲ್ಲಿ ಬಿಸಿಲಿನ ಬಹುಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿಹೋಗುತ್ತದೆ. ಕೆರೆಯ ನೀರಂತೂ ಬಹಳ ನಿಧಾನಕ್ಕೆ ಕಾಯುತ್ತದೆ.

ಎರೆಮಣ್ಣಿನ ಮೇಲಿನ ಗಾಳಿ ಕಾದು, ಹಿಗ್ಗಿ, ಹಗುರಾಗುತ್ತದೆ. ಪಾತ್ರೆಯ ಗುಳ್ಳೆಯಂತೆ ಕೊಂಚ ಹೊತ್ತು ನೆಲಕ್ಕೇ ಅಂಟಿಕೊಂಡಿರುತ್ತದೆ. ಯಾವುದೋ ಒಂದು ನೆಪ ಸಿಕ್ಕರೆ ಸಾಕು, ಕಿತ್ತುಕೊಂಡು ಮೇಲೇಳುತ್ತದೆ. ಆ ನೆಪ ಒಂದು ಒಡ್ಡು ಇರಬಹುದು, ಒಂದು ಸಾಲುಮರ ಇರಬಹುದು, ಹೊಲದಲ್ಲಿ ಹಾದುಹೋದ ಟ್ರ್ಯಾಕ್ಟರೇ ಇರಬಹುದು. ಹೀಗೆ ಏಳುವ ಬಿಸಿಗಾಳಿಗೆ ಪೈಲಟ್‌ಗಳು ಥರ್ಮಲ್ ಅನ್ನುತ್ತಾರೆ. ನಾವು ಏರುಗಾಳಿ ಅನ್ನೋಣ. ನೂರಿನ್ನೂರು ಮೀಟರ್ ಅಗಲ, ಒಣ ಬೇಸಿಗೆಯಲ್ಲಿ ಎರಡು, ಮೂರು ಕಿಲೋಮೀಟರ್ ಎತ್ತರ. ಕಣ್ಣಿಗೆ ಮಾತ್ರ ಏನೂ ಕಾಣದು.

ಏನೂ ಕಾಣದು ಅಂದೆ, ಆದರೆ ಅದರ ಬುಡವನ್ನು ನೀವು ಕಂಡಿದ್ದೀರಿ! ಮಟಮಟ ಮಧ್ಯಾಹ್ನ ಬಯಲಲ್ಲಿ ಧೂಳು, ತರಗೆಲೆ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಎತ್ತಿಕೊಂಡು ಗಿರಗಿರನೆ ತಿರುಗುವ ಸುಳಿಗಾಳಿ ಇದೆಯಲ್ಲ, ಅದೇ. ದೆವ್ವ ಬಂತೆಂದು ಕೆಲವರು ಹೆದರಿಸುತ್ತಾರೆ. ಹೆದರಬೇಡಿ. ಮೇಲೇರಿಹೋದ ಗಾಳಿಯ ಜಾಗ ತುಂಬಲು ಸುತ್ತಲಿನ ಗಾಳಿ ಒಳಗೆ ನುಗ್ಗಿ ತಿರುಗುತ್ತಿರುತ್ತದೆ, ಅಷ್ಟೇ. ಅದರ ಹಿಂದೆ ಓಡುವುದು ಮಾತ್ರ ಬೇಡ, ಕಣ್ಣಿಗೆ ಮಣ್ಣು ತುಂಬೀತು.

ಏರುಗಾಳಿಯ ಮೇಲ್ತುದಿ ತೋರಿಸುವುದಕ್ಕೆ ಹದ್ದು ಇದೆ. ನಮ್ಮ ಊರಿನ ಕಂದು ಹದ್ದು ಮುಕ್ಕಾಲು ಕಿಲೋದ ಆಸುಪಾಸು ತೂಗುತ್ತದೆ; ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್. ಹತ್ತು, ಹನ್ನೊಂದು ಗಂಟೆಯ ಹೊತ್ತಿಗೆ ಸೂರ್ಯನಿಗೆ ಬೆನ್ನು ಮಾಡಿ ನಿಂತು ನೋಡಿ. ರೆಕ್ಕೆ ಬಡಿಯುವುದಿಲ್ಲ. ರೆಕ್ಕೆಯ ತುದಿಯ ಗರಿಗಳು ಬೆರಳು ಬಿಡಿಸಿದಂತೆ ಬೇರೆಬೇರೆಯಾಗಿರುತ್ತವೆ. ಕವಲೊಡೆದ ಬಾಲ ಒಮ್ಮೆ ಎಡಕ್ಕೆ ವಾಲುತ್ತದೆ, ಒಮ್ಮೆ ಬಲಕ್ಕೆ. ಸುತ್ತು ಹಾಕುತ್ತಾ ಹಾಕುತ್ತಾ ಮೇಲೇರುತ್ತದೆ. ಸುತ್ತೇ ಯಾಕೆ? ಏರುಗಾಳಿ ಸಣ್ಣದು. ನೇರ ಹೋದರೆ ಕೆಲವೇ ಕ್ಷಣದಲ್ಲಿ ಹೊರಗೆ ಬಿದ್ದುಬಿಡುತ್ತದೆ. ಒಳಗೇ ಉಳಿಯಬೇಕಾದರೆ ಸುತ್ತಬೇಕು.

ಗ್ಲೈಡರ್ ಮಾಡುವುದೂ ಇದನ್ನೇ. ಒಂದು ಸಣ್ಣ ಲೆಕ್ಕ ಮಾಡೋಣ. ಗಾಳಿ ಸೆಕೆಂಡಿಗೆ ಮೂರು ಮೀಟರ್ ಏರುತ್ತಿದೆ ಅನ್ನಿ. ಸುತ್ತು ಹಾಕುವ ಗ್ಲೈಡರ್ ಆ ಗಾಳಿಯೊಳಗೆ ಸೆಕೆಂಡಿಗೆ ಒಂದು ಮೀಟರ್ ಇಳಿಯುತ್ತಿದೆ. ಮೂರರಲ್ಲಿ ಒಂದು ಕಳೆದರೆ ಎರಡು. ಅಂದರೆ ಇಳಿಯುತ್ತಲೇ ಅದು ಸೆಕೆಂಡಿಗೆ ಎರಡು ಮೀಟರ್ ಮೇಲೇರುತ್ತದೆ! ಒಂದು ಕಿಲೋಮೀಟರ್ ಏರಲು ಎಷ್ಟು ನಿಮಿಷ ಬೇಕು? ನೀವೇ ಮಾಡಿ ನೋಡಿ, ಒಂಬತ್ತು ನಿಮಿಷವೂ ಬೇಡ.

ನೂರು ವರ್ಷಗಳಿಗೂ ಹಿಂದೆ ಆಗ್ರಾದಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ ಇದ್ದರು. ಅವರ ಉದ್ಯೋಗ ರಾಸಾಯನಿಕ ಪರೀಕ್ಷೆಯದು, ಮನಸ್ಸೆಲ್ಲ ಹದ್ದುಗಳ ಮೇಲೆ. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಮೊದಲು ಹಗುರಾದ ಹದ್ದುಗಳು ತೇಲಲು ಶುರುಮಾಡುತ್ತವೆ, ಭಾರದ ರಣಹದ್ದುಗಳು ಗಾಳಿ ಇನ್ನೂ ಬಲವಾಗುವವರೆಗೆ ಕಾಯುತ್ತವೆ ಎಂಬುದನ್ನು ಗಮನಿಸಿದರು. ನೋಡಿದ್ದನ್ನೆಲ್ಲ 1913ರಲ್ಲಿ ಪುಸ್ತಕವಾಗಿ ತಂದರು. ಆ ಕಾಲಕ್ಕೆ ವಿಮಾನವೇ ಹೊಸದು. ಕಣ್ಣು, ತಾಳ್ಮೆ, ಒಂದು ನೋಟುಬುಕ್ಕು ಇಷ್ಟರಲ್ಲೇ ಎಷ್ಟು ದೊಡ್ಡ ವಿಜ್ಞಾನ ನಡೆಯುತ್ತದೆ ಎಂದು ನನಗೆ ಇಂದಿಗೂ ಬೆರಗು.

ಆದರೆ ಎಲ್ಲ ಹಕ್ಕಿಗಳೂ ಹೀಗಲ್ಲ. ಚಳಿಗಾಲದಲ್ಲಿ ನಮ್ಮ ಪಕ್ಕದ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಏರುಗಾಳಿಗೆ ಕಾಯುವುದೇ ಇಲ್ಲ. ದಾರಿಯುದ್ದಕ್ಕೂ ರೆಕ್ಕೆ ಬಡಿದೇ ಬರುತ್ತವೆ. ಹಿಮಾಲಯ ದಾಟುವಾಗ ರಾತ್ರಿ, ನಸುಕಿನ ತಂಪು ಹೊತ್ತನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ತಂಪು ಗಾಳಿ ದಟ್ಟ, ಬಡಿಯುವ ರೆಕ್ಕೆಗೆ ಆಸರೆ ಹೆಚ್ಚು.

ಏರುಗಾಳಿ ಎಲ್ಲಿಯವರೆಗೆ ಏರುತ್ತದೆ? ಸೈಕಲ್ ಟ್ಯೂಬಿನ ವಾಲ್ವ್ ಒತ್ತಿ, ಹೊರಬರುವ ಗಾಳಿಗೆ ಬೆರಳಿಟ್ಟು ನೋಡಿ. ತಣ್ಣಗಿರುತ್ತದೆ. ಒತ್ತಡದಿಂದ ಬಿಡಿಸಿಕೊಂಡು ಹಿಗ್ಗುವ ಗಾಳಿ ತಣ್ಣಗಾಗುತ್ತದೆ. ಮೇಲೆ ಹೋದಷ್ಟೂ ಒತ್ತಡ ಕಡಿಮೆ, ಆದ್ದರಿಂದ ಏರುವ ಗಾಳಿ ಹಿಗ್ಗುತ್ತಾ ತಣಿಯುತ್ತದೆ. ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ. ನೆಲದ ಹತ್ತಿರ 40 ಡಿಗ್ರಿ ಇದ್ದದ್ದು ಮೂರು ಕಿಲೋಮೀಟರ್ ಮೇಲೆ 10 ಡಿಗ್ರಿ! ಸುತ್ತಲಿನ ಗಾಳಿಯಷ್ಟೇ ತಣ್ಣಗಾದಾಗ ಅದರ ಏರಾಟ ಮುಗಿಯಿತು. ಅದಕ್ಕೆ ಮೊದಲೇ ಅದರಲ್ಲಿದ್ದ ನೀರಾವಿ ಹನಿಗಟ್ಟಿದರೆ, ತಳ ಚಪ್ಪಟೆ ತಲೆ ಗುಂಡಗಿರುವ ಬಿಳಿ ಮೋಡವಾಗುತ್ತದೆ. ಅಂಥ ಮೋಡ ಕಂಡರೆ ಪೈಲಟ್‌ಗೆ ಖುಷಿ. ಅದರ ಕೆಳಗೆ ಏರುಗಾಳಿ ಇರುವ ಸಂಭವ ಹೆಚ್ಚು.

ಲೇಕ್ ಕೀಪಿಟ್‌ನ ಆ ಬೇಸಿಗೆ ಸಾಧಾರಣದ್ದಾಗಿರಲಿಲ್ಲ. ಅದೇ ಜನವರಿ 4ರಂದು ಸಿಡ್ನಿ ನಗರದ ಪಕ್ಕದ ಪೆನ್ರಿತ್‌ನಲ್ಲಿ 48.9 ಡಿಗ್ರಿ ಬಿಸಿ ದಾಖಲಾಯಿತು. ರಾಜ್ಯದ ಕಾಡುಗಳು ಹೊತ್ತಿ ಉರಿಯುತ್ತಿದ್ದವು. ಬಿಸಿಲು ಹೆಚ್ಚಿದಷ್ಟೂ ಗ್ಲೈಡರ್‌ಗೆ ಒಳ್ಳೆಯದು ಎಂದುಕೊಂಡಿರಾ? ಕಾಡ್ಗಿಚ್ಚಿನ ಹೊಗೆ ಆಕಾಶ ತುಂಬಿದರೆ ಬಿಸಿಲು ಪೂರ್ತಿ ನೆಲಕ್ಕೆ ತಲುಪುವುದಿಲ್ಲ. ನೆಲ ಕಡಿಮೆ ಕಾಯುತ್ತದೆ, ಏರುಗಾಳಿ ಸೊರಗುತ್ತದೆ. ದೂರದ ಗ್ಲೈಡರ್, ದೂರದ ಗುಡ್ಡ ಕಾಣುವುದೂ ಕಷ್ಟ.

ಬಿಸಿಲಿನ ಸ್ಪರ್ಧೆಗಳಲ್ಲಿ ತೀರಾ ಕಷ್ಟದ ಹೊತ್ತು ಹಾರುವಾಗಿನದಲ್ಲ, ಕಾಯುವಾಗಿನದು ಎಂದೇ ನನ್ನ ಲೆಕ್ಕ. ಗ್ಲೈಡರ್‌ಗಳು ಸಾಲಾಗಿ ನಿಂತಿರುತ್ತವೆ. ಮೊದಲು ಒಬ್ಬರು ಹಾರಿ ಏರುಗಾಳಿ ಎದ್ದಿದೆಯೇ ಎಂದು ನೋಡಿ ಹೇಳಬೇಕು. ಅಲ್ಲಿಯವರೆಗೆ ರೆಕ್ಕೆಯ ನೆರಳಲ್ಲಿ ಕೂರುವುದು, ತಲೆಗೆ ಒದ್ದೆ ಬಟ್ಟೆ, ಮೇಲಿಂದ ಮೇಲೆ ನೀರು ಕುಡಿಯುವುದು. ಹಾರಿ ಮೇಲೆ ಹೋದ ಮೇಲೆ ಕೈಗೆಟಕುವ ನೀರಿನ ಚೀಲದಿಂದ ಕೊಳವೆಯಲ್ಲಿ ಹೀರುತ್ತಿರುತ್ತಾರೆ.

ಈ ಓಟವನ್ನು ಊರಲ್ಲೇ ಕೂತು ನೋಡಬಹುದು. ಪ್ರತಿ ಗ್ಲೈಡರ್‌ನಲ್ಲೂ ಜಿಪಿಎಸ್ ಇರುತ್ತದೆ. ಕಂಪ್ಯೂಟರಿನ ನಕ್ಷೆಯ ಮೇಲೆ ಒಂದೊಂದೂ ಒಂದು ಚುಕ್ಕಿ. ಚುಕ್ಕಿ ಒಂದೇ ಜಾಗದಲ್ಲಿ ಗಿರಕಿ ಹೊಡೆಯುತ್ತಿದ್ದರೆ ಏರುತ್ತಿದೆ ಎಂದು ತಿಳಿಯಿರಿ. ನೆಟ್ಟಗೆ ಗೆರೆ ಎಳೆದಂತೆ ಹೋದರೆ ಜಾರುತ್ತಿದೆ. ಗಿರಕಿ, ಗೆರೆ, ಮತ್ತೆ ಗಿರಕಿ. ನೆಲದಲ್ಲಿರುವವರು ನಕ್ಷೆ ನೋಡಿ ಪೈಲಟ್‌ಗೆ ಹೇಳಿಕೊಡಬಾರದೆಂದು ಚುಕ್ಕಿಗಳನ್ನು ಬೇಕೆಂದೇ ಕೆಲವು ನಿಮಿಷ ತಡವಾಗಿ ತೋರಿಸುತ್ತಾರೆ. ಆಕಾಶವನ್ನು ಪೈಲಟ್ ತಾನೇ ಓದಬೇಕು.

ಓದುವುದಕ್ಕೆ ಅವರಿಗಿರುವ ಗುರುತುಗಳು ನಿಮಗೂ ಗೊತ್ತಿರುವವೇ. ಉತ್ತ ಕಪ್ಪು ಹೊಲ, ಸುಳಿಗಾಳಿಯ ಧೂಳು, ಗುಂಡುತಲೆಯ ಮೋಡ, ಸುತ್ತುವ ಹದ್ದು. ಜೊತೆಗೆ ಗಾಳಿ ಎತ್ತುತ್ತಿದ್ದರೆ ಬೀಪ್ ಬೀಪ್ ಎನ್ನುವ ಒಂದು ಉಪಕರಣ; ಎತ್ತುವ ವೇಗ ಹೆಚ್ಚಿದರೆ ಅದರ ದನಿಯೂ ಚುರುಕಾಗುತ್ತದೆ. ಒಂದೇ ಏರುಗಾಳಿಗೆ ಹತ್ತಾರು ಗ್ಲೈಡರ್ ಬಂದು ಸೇರಿದರೆ ಡಿಕ್ಕಿಯಾಗದಂತೆ ಎಲ್ಲರೂ ಒಂದೇ ದಿಕ್ಕಿಗೆ ಸುತ್ತಬೇಕು. ಮೊದಲು ಬಂದವರು ಯಾವ ಕಡೆಗೆ ಸುತ್ತುತ್ತಾರೋ ಆ ಕಡೆಗೆ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಏರುಗಾಳಿ ಬಲವಾಗಿರುವ ದಿನ ಪೈಲಟ್‌ಗಳು ರೆಕ್ಕೆಯೊಳಗೆ ಬೇಕೆಂದೇ ನೀರು ತುಂಬಿಕೊಳ್ಳುತ್ತಾರೆ, ನೂರು ಲೀಟರಿಗೂ ಹೆಚ್ಚು. ಭಾರವಾದರೆ ಏರುವುದು ನಿಧಾನವಾಗುತ್ತದೆ, ನಿಜ. ಆದರೆ ಭಾರದ ಗ್ಲೈಡರ್ ಅಷ್ಟೇ ದೂರವನ್ನು ಹೆಚ್ಚು ವೇಗವಾಗಿ ಜಾರಬಲ್ಲದು. ಬಿಸಿಲು ಜೋರಿದ್ದರೆ ಏರುವಲ್ಲಿ ಆದ ನಷ್ಟಕ್ಕಿಂತ ಜಾರುವಲ್ಲಿ ಸಿಗುವ ಲಾಭವೇ ದೊಡ್ಡದು. ಸಂಜೆ ಏರುಗಾಳಿ ಸೊರಗಿದಾಗ ನೀರು ಚೆಲ್ಲಿ ಹಗುರಾಗುತ್ತಾರೆ.

ಏರುಗಾಳಿ ಸಿಗದೇ ಹೋದರೆ? ದಾರಿಯಲ್ಲಿ ಯಾವುದಾದರೂ ರೈತರ ಹೊಲ ನೋಡಿ ಇಳಿಯುತ್ತಾರೆ. ಗ್ಲೈಡರ್ ಪೈಲಟ್‌ಗಳಿಗೆ ಅದು ಮೊದಲೇ ಕಲಿಸಿದ ಪಾಠ. ಆಮೇಲೆ ಸಂಗಡಿಗರು ಗಾಡಿ ತಂದು, ರೆಕ್ಕೆ ಕಳಚಿ, ಉದ್ದನೆಯ ಟ್ರೇಲರ್‌ನಲ್ಲಿ ಇಟ್ಟು ಒಯ್ಯುತ್ತಾರೆ.

ನಮ್ಮ ನಾಡಿಗೂ ಗ್ಲೈಡರ್ ಹೊಸದಲ್ಲ. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆ ಶುರುವಾದ ಮರುವರ್ಷವೇ, 1941ರಲ್ಲಿ, ಹತ್ತು ಮಂದಿ ಕೂರುವ ಗ್ಲೈಡರ್ ಕಟ್ಟಿತ್ತು. ಪುಣೆಯ ಹಡಪ್ಸರ್‌ನ ಗ್ಲೈಡಿಂಗ್ ಕೇಂದ್ರದಲ್ಲಿ ಗ್ಲೈಡರ್ ಹಾರಿಸುವುದನ್ನು ಕಲಿಸುತ್ತಿದ್ದರು.

ಓಟದ ಕೊನೆಯ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಮುಕ್ತಾಯದ ಗೆರೆ ಇನ್ನೂ ನಲವತ್ತು ಕಿಲೋಮೀಟರ್ ಇದೆ. ಪೈಲಟ್ ಕೊನೆಯ ಏರುಗಾಳಿಯಲ್ಲಿ ಸುತ್ತುತ್ತಿದ್ದಾಳೆ. ಎಷ್ಟು ಎತ್ತರಕ್ಕೆ ಹೋಗಿ ಹೊರಡಬೇಕು? ಬೇಗ ಹೊರಟರೆ ಗೆರೆ ಮುಟ್ಟುವ ಮೊದಲೇ ನೆಲ ಸಿಕ್ಕೀತು. ತಡ ಮಾಡಿದರೆ ಬೇರೆಯವರು ಮುಂದೆ ಹೋದಾರು. ಎದುರುಗಾಳಿ ಎಷ್ಟು, ದಾರಿಯಲ್ಲಿ ಗಾಳಿ ಕೆಳಕ್ಕೆ ತಳ್ಳುವ ಜಾಗ ಎಷ್ಟಿರಬಹುದು, ಎಲ್ಲ ಲೆಕ್ಕ ಹಾಕಿ ಒಂದು ಕ್ಷಣದಲ್ಲಿ ನಿರ್ಧರಿಸಿ ಮೂತಿ ತಿರುಗಿಸುತ್ತಾಳೆ. ದಿನದ ಗೆಲುವಿಗೆ ಹೆಚ್ಚೆಂದರೆ 1000 ಅಂಕ. ಒಂದು ದಿನ ಗೆದ್ದರೆ ಸಾಲದು, ಎರಡು ವಾರದಲ್ಲಿ ಓಟ ನಡೆದ ದಿನಗಳ ಅಂಕವೆಲ್ಲ ಕೂಡಬೇಕು. ಹಾಗಾಗಿ ಸಂಜೆ ಇಳಿದ ಕೂಡಲೇ ಅವರು ವಿಚಾರಿಸುವುದು ನಾಳೆಯ ಹವಾಮಾನ.