ಜಾರುಬಂಡೆಯೂ ಸ್ಲೈಡೂ

2007ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಕಲಿಸಲಾಗುತ್ತಿದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಂತಹ ಊರಿನ ಮಗುವೂ ಪಟ್ಟಣದ ಉದ್ಯಾನಕ್ಕೆ ಬಂದಾಗ ಸ್ಲೈಡ್, ಸ್ವಿಂಗ್, ಸೀಸಾ ಎಂಬ ಮಾತುಗಳನ್ನು ಆಡಬೇಕೆಂದು ನಾವು ಬಯಸುತ್ತೇವೆ. ಬಯಕೆ ತಪ್ಪಲ್ಲ. ಆದರೆ ಮಗು ‘ಜಾರುಬಂಡೆ’ ಎಂದೊಡನೆ ‘ಹಾಗನ್ನಬಾರದು’ ಎಂದು ತಿದ್ದುವ ಹಿರಿಯರೊಡನೆ ಎರಡು ಮಾತನಾಡಬೇಕೆನಿಸುತ್ತದೆ.

ಜಾರುಬಂಡೆ ಎಂಬ ಪದದಲ್ಲಿ ನಮ್ಮ ನೆಲದ ಗುರುತಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯನ್ನು ಹತ್ತಿದವರು ನುಣುಪಾದ ಬಂಡೆಯ ಇಳಿಜಾರು ಹೇಗಿರುತ್ತದೆಂಬುದನ್ನು ಬಲ್ಲರು. ಬಂಡೆಯ ಮೇಲೆ ಜಾರುವ ಆಟದ ನೆನಪು ಆ ಹೆಸರಿನಲ್ಲಿದೆ. ಇಂದಿನ ಉದ್ಯಾನದಲ್ಲಿರುವುದು ತಗಡು ಅಥವಾ ಪ್ಲಾಸ್ಟಿಕ್ಕು. ಬಂಡೆ ಹೋದರೂ ಹೆಸರು ಉಳಿದಿದೆ.

ಇಂಗ್ಲಿಷಿನ ಪದಗಳೂ ಆಕಾಶದಿಂದ ಇಳಿದವಲ್ಲ. ಸ್ಲೈಡ್ ಎಂದರೆ ಜಾರು, ಸ್ವಿಂಗ್ ಎಂದರೆ ತೂಗು. ಕ್ರಿಯಾಪದಗಳೇ ಆಟದ ಸಲಕರಣೆಗಳ ಹೆಸರುಗಳಾಗಿವೆ. ಸೀಸಾದಲ್ಲಿರುವ ‘ಸಾ’ ಎಂದರೆ ಗರಗಸ. ಇಬ್ಬರು ಮರ ಕೊಯ್ಯುವಾಗ ಗರಗಸವನ್ನು ಅತ್ತಿತ್ತ ಎಳೆಯುವ ಲಯದಿಂದ ಆ ಮಾತು ಹುಟ್ಟಿತೆಂದು ನಿಘಂಟುಕಾರರು ಹೇಳುತ್ತಾರೆ. ನಮ್ಮ ರೈತನು ಬಾವಿಯಿಂದ ನೀರೆತ್ತುತ್ತಿದ್ದ ಏತದ ತತ್ತ್ವವೂ ಇದೇ: ಕಂಬದ ಮೇಲೆ ಅಡ್ಡಮರ, ಒಂದು ತುದಿ ಇಳಿದರೆ ಇನ್ನೊಂದು ಏರುತ್ತದೆ. ಏತವನ್ನೇ ಕಾಣದ ಇಂದಿನ ಮಗುವಿಗೆ ಸೀಸಾದ ಮೇಲೆ ಕೂರಿಸಿಯೇ ಏತವನ್ನು ವಿವರಿಸಬಹುದು.

ಎಲ್ಲಕ್ಕೂ ಕನ್ನಡ ಪದವನ್ನು ಹೊಸೆಯಬೇಕೆಂಬ ಹಟ ನನಗಿಲ್ಲ. ಮಕ್ಕಳು ಹತ್ತಿ ಇಳಿಯುವ ಕಬ್ಬಿಣದ ಚೌಕಟ್ಟು ಜಂಗಲ್ ಜಿಮ್. ಅದಕ್ಕೆ ಅಮೆರಿಕದ ಸೆಬಾಸ್ಟಿಯನ್ ಹಿಂಟನ್ ಎಂಬಾತ ಪೇಟೆಂಟ್ ಪಡೆದದ್ದು 1923ರಲ್ಲಿ. ವಸ್ತುವಿನೊಡನೆ ಬಂದ ಹೆಸರು ಹಾಗೆಯೇ ಇರಲಿ. ಉಯ್ಯಾಲೆಯ ಸಂಗತಿ ಬೇರೆ. ಉತ್ತರ ಕರ್ನಾಟಕದವರು ನಾಗರಪಂಚಮಿಗೆ ಕಟ್ಟುವ ಜೋಕಾಲಿ, ನಮ್ಮ ಜಾತ್ರೆಗಳ ರಂಕಲರಾಟೆ, ಇವೆಲ್ಲ ಇನ್ನೂ ಜನರ ಬಾಯಲ್ಲಿ ಬದುಕಿರುವ ಮಾತುಗಳು. ಇವನ್ನು ಮರೆಸಿ ಕಲಿಸುವ ಅಗತ್ಯವಾದರೂ ಏನು?

ಆಟದ ಬಯಲಿನಲ್ಲಿ ಮಗು ಅಂಜಿಕೆಯಿಲ್ಲದೆ ಮಾತನಾಡುತ್ತದೆ. ಅಲ್ಲಿಯೂ ಅದರ ಮಾತು ಕೀಳೆನಿಸಿಕೊಂಡರೆ, ಇಂಗ್ಲಿಷಿಗಿಂತ ಮೊದಲು ಅದು ಮೌನವನ್ನು ಕಲಿಯುತ್ತದೆ. ‘ಹೌದಪ್ಪ, ಜಾರುಬಂಡೆ, ಇಂಗ್ಲಿಷಿನಲ್ಲಿ ಇದಕ್ಕೆ ಸ್ಲೈಡ್ ಅನ್ನುತ್ತಾರೆ’ ಎಂದು ಮೇಷ್ಟ್ರು ಹೇಳಿಕೊಟ್ಟರೆ ಸಾಕು. ಮಗುವಿಗೆ ಎರಡು ಪದಗಳು ದಕ್ಕುತ್ತವೆ. ತನ್ನ ಮನೆಯ ಮಾತಿಗೆ ನಾಚುವ ಪ್ರಸಂಗವೂ ಬರುವುದಿಲ್ಲ.