ಮೀನಿನ ಹಳ್ಳದಲ್ಲಿ ಹಾವಿನ ನೆರೆ



ಮುಂಗಾರಿನ ಹೊಸನೀರು ಬಂದಾಗ ಮಲೆನಾಡಿನ ಹಳ್ಳಗಳಲ್ಲಿ ಮೀನುಗಳು ಮೊಟ್ಟೆಯಿಡಲು ನೀರಿಗೆದುರಾಗಿ ಮೇಲಕ್ಕೆ ಹತ್ತುತ್ತವೆ. 'ಹತ್ತುಮೀನಿ'ನ ಆ ಕೆಲವು ರಾತ್ರಿಗಳಲ್ಲಿ ಕೂಣಿ, ಕತ್ತಿ, ಬ್ಯಾಟರಿ ಹಿಡಿದು ಗದ್ದೆಯಂಚಿಗೆ ಹೊರಡುವ ಉತ್ಸಾಹ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಅದೇ ನೀರಿಗೆ ಕಪ್ಪೆಯೂ ಬರುತ್ತದೆ, ಏಡಿಯೂ ಬರುತ್ತದೆ. ಅವುಗಳ ಹಿಂದೆ ಹಾವೂ ಬರುತ್ತದೆ. ಬಿಲಕ್ಕೆ ನೀರು ನುಗ್ಗಿ ಹೊರಬಿದ್ದ ಹಾವುಗಳು ಬೇರೆ. ಆದ್ದರಿಂದ ಮೀನು ಹಿಡಿಯುವವನಿಗೂ ಹಾವಿಗೂ ಅಲ್ಲಿ ಭೇಟಿಯಾಗುವುದು ಆಕಸ್ಮಿಕವೇನಲ್ಲ. ಇಬ್ಬರೂ ಹೊಟ್ಟೆಪಾಡಿಗೆ ಬಂದವರು.

ಹೀಗೆ ಎದುರಾಗುವ ಹಾವುಗಳಲ್ಲಿ ಬಹುಪಾಲು ನೀರೊಳ್ಳೆ. ಹೆಸರಿನಲ್ಲಿ 'ಒಳ್ಳೆ' ಇದ್ದರೂ ಸ್ವಭಾವ ಅಷ್ಟು ಸೌಮ್ಯವಲ್ಲ. ಹಿಡಿದರೆ ತಿರುಗಿ ಕಚ್ಚುತ್ತದೆ, ಆದರೆ ವಿಷವಿಲ್ಲ. ಜರ್ಮನಿಯ ವಿದ್ವಾಂಸ ಶ್ನೈಡರ್ 1799ರಲ್ಲಿ ಇದಕ್ಕೆ 'ಪಿಸ್ಕೇಟರ್' ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಮೀನುಗಾರ! ಈ ಮೀನುಗಾರನ ದುರದೃಷ್ಟವೆಂದರೆ ಗಾಬರಿಯಾದಾಗ ತಲೆಯೆತ್ತಿ ಕುತ್ತಿಗೆಯನ್ನು ಅಗಲಿಸುವುದು. ಅರೆಬೆಳಕಿನಲ್ಲಿ ನೋಡಿದವರು ನಾಗರವೆಂದೇ ತಿಳಿದು ದೊಣ್ಣೆಯೆತ್ತುತ್ತಾರೆ. ನಿಜವಾದ ನಾಗರನನ್ನು ಕೊಲ್ಲಲು ನಮ್ಮವರು ಹಿಂಜರಿಯುತ್ತಾರೆ. ಕರಾವಳಿಯಲ್ಲಿ ಸತ್ತ ನಾಗರಕ್ಕೆ ಸಂಸ್ಕಾರವನ್ನೂ ಮಾಡುತ್ತಾರೆ. ನಾಗಬನದಲ್ಲಿ ಪಾಲು ಸಿಗದ ಹಾವುಗಳಿಗೆ ಈ ರಿಯಾಯಿತಿ ಇಲ್ಲ.

ನಿಜಕ್ಕೂ ಹೆದರಬೇಕಾದದ್ದು ಕೊಳಕುಮಂಡಲಕ್ಕೆ. ಒಣಗಿದ ಹುಲ್ಲಿನ ಬಣ್ಣ, ಬೆನ್ನ ಮೇಲೆ ಸರಪಣಿಯಂತೆ ಮೂರು ಸಾಲು ಕಂದು ಮಚ್ಚೆ, ದಪ್ಪ ಮೈ. ಬೇರೆ ಹಾವುಗಳು ಹೆಜ್ಜೆಯ ಸದ್ದಿಗೆ ಸರಿದುಹೋಗುತ್ತವೆ. ಇದು ತನ್ನ ಬಣ್ಣವನ್ನೇ ನಂಬಿ ಬಿದ್ದಲ್ಲೇ ಬಿದ್ದಿರುತ್ತದೆ. ತೀರಾ ಹತ್ತಿರ ಹೋದರೆ ಕುಕ್ಕರಿನ ಹಬೆಯಂತೆ ಬುಸುಗುಟ್ಟುತ್ತದೆ. ಹಳ್ಳದ ಭೋರ್ಗರೆತದಲ್ಲಿ ಅದು ಯಾರಿಗೆ ಕೇಳಬೇಕು? ಜೊತೆಗೆ ಇದು ಮೊಟ್ಟೆಯಿಡದೆ ಮರಿಹಾಕುವ ಹಾವು. ಮಳೆ ಹಿಡಿಯುವ ಹೊತ್ತಿಗೆ ಹುಟ್ಟಿದ ಮರಿಗಳು ಗದ್ದೆಬದುಗಳಲ್ಲಿ ಹರಡಿರುತ್ತವೆ. ಮರಿಗೂ ಹುಟ್ಟಿದಂದಿನಿಂದಲೇ ವಿಷವುಂಟು.

ಇಂಗ್ಲಿಷಿನವರು ಈ ಹಾವಿಗೆ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನ ಹೆಸರಿಟ್ಟಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಈ ಸ್ಕಾಟ್ಲೆಂಡಿನವನು ಕೋರಮಂಡಲ ತೀರದ ಹಾವುಗಳನ್ನು ಸಂಗ್ರಹಿಸಿ, ನಾಯಿ, ಕೋಳಿಗಳಿಗೆ ಕಚ್ಚಿಸಿ ಪರೀಕ್ಷಿಸಿದ. 1796ರಲ್ಲಿ ಅವನ ಸಚಿತ್ರ ಗ್ರಂಥ ಹೊರಬಂತು. ವಿಷದ ಹಾವು ಯಾವುದು, ವಿಷವಿಲ್ಲದ್ದು ಯಾವುದು ಎಂದು ವಿಂಗಡಿಸುವುದು ಅವನಿಗೆ ಮುಖ್ಯವಾಗಿತ್ತು. ಹಳ್ಳದ ದಡದಲ್ಲಿ ನಿಂತವನಿಗೆ ಇಂದಿಗೂ ಅದೇ ಮುಖ್ಯ.

ಘಟ್ಟದ ತೊರೆಗಳಲ್ಲಿ ಇನ್ನೆರಡು ಇವೆ. ಮಲಬಾರ್ ಗುಳಿಮಂಡಲ ಮಳೆಗಾಲದಲ್ಲಿ ತೊರೆಯ ಪಕ್ಕದ ಪೊದೆ, ಬಂಡೆಗಳ ಮೇಲೆ ಕುಳಿತಿರುತ್ತದೆ. ಹಸಿರು, ಕಂದು, ಹಳದಿ ಎಂದು ಒಂದೊಂದು ಒಂದೊಂದು ಬಣ್ಣ. ಇಳಿಜಾರಿನಲ್ಲಿ ಜಾರದಿರಲೆಂದು ನಾವು ಕೈಹಾಕುವ ಕೊಂಬೆಯೇ ಅದರ ಆಸನ. ಇನ್ನೊಂದು ಉಬ್ಬುಮೂಗಿನ ಗುಳಿಮಂಡಲ. ಗೇಣುದ್ದದಿಂದ ಮೊಳದುದ್ದದ ಸಣ್ಣ ಹಾವು. ತರಗೆಲೆಗಳ ನಡುವೆ ತರಗೆಲೆಯಾಗಿಯೇ ಇರುತ್ತದೆ. ಗಾತ್ರ ನೋಡಿ ಇದನ್ನು ಹಗುರವಾಗಿ ಕಾಣಬಾರದು. ಕೆಲವರಿಗೆ ಇದರ ವಿಷದಿಂದ ಮೂತ್ರಪಿಂಡವೇ ಕೆಟ್ಟಿದೆ.

ಅಘನಾಶಿನಿ, ಶರಾವತಿಯಂಥ ನದಿಗಳ ಅಳಿವೆಗೆ ಬಂದರೆ ಪಾತ್ರಧಾರಿಗಳು ಬದಲಾಗುತ್ತಾರೆ. ಬಲೆಯಲ್ಲಿ ಮೀನಿನ ಜೊತೆ ಕಡಲಹಾವು ಬರುತ್ತದೆ. ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಬಾಲವೇ ಅದರ ಗುರುತು. ಕಡಿದಾಗ ನೋವು ಅಷ್ಟಾಗಿ ಇರುವುದಿಲ್ಲ, ಅದೇ ಮೋಸ. ಕೆಲವು ಗಂಟೆಗಳಲ್ಲಿ ಮೈಕೈ ಸ್ನಾಯುಗಳೆಲ್ಲ ನೋಯತೊಡಗಿ ಮೂತ್ರ ಕಪ್ಪಾಗುತ್ತದೆ.

ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿರೋಧವನ್ನು ಬೇರ್ಪಡಿಸಿ ಇದನ್ನು ಮಾಡುತ್ತಾರೆ. ಬೇಕಾದ ವಿಷದ ದೊಡ್ಡ ಪಾಲನ್ನು ಬಹುಕಾಲದಿಂದ ಒದಗಿಸುತ್ತ ಬಂದದ್ದು ಚೆನ್ನೈ ಸಮೀಪದ ಇರುಳರ ಸಹಕಾರ ಸಂಘ; ಅದು ಹುಟ್ಟಿದ್ದು 1978ರಲ್ಲಿ. ಉಬ್ಬುಮೂಗಿನ ಮಂಡಲಕ್ಕಾಗಲಿ ಕಡಲಹಾವಿಗಾಗಲಿ ಈ ಔಷಧಿ ನಾಟುವುದಿಲ್ಲ. ಹಾಗೆಂದು ಆಸ್ಪತ್ರೆಗೆ ಹೋಗಿ ಪ್ರಯೋಜನವಿಲ್ಲವೆಂದಲ್ಲ. ಉಸಿರಾಟಕ್ಕೆ ಯಂತ್ರ, ಮೂತ್ರಪಿಂಡಕ್ಕೆ ಡಯಾಲಿಸಿಸ್ ಇರುವುದು ಅಲ್ಲಿಯೇ.

2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನ ಸಾವುಗಳು ಆಸ್ಪತ್ರೆಯ ಹೊರಗೇ ಆಗುತ್ತವೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇನ್ನಾದರೂ ಲೆಕ್ಕವೊಂದು ಸಿಕ್ಕೀತು. ಮಂತ್ರ, ಕಪ್ಪುಕಲ್ಲುಗಳಿಂದ ಗುಣವಾದವರಿದ್ದಾರಲ್ಲ ಎಂದು ಕೇಳುತ್ತೀರಿ. ಇದ್ದಾರೆ. ವಿಷವಿಲ್ಲದ ಹಾವು ಕಚ್ಚಿದವರು, ವಿಷದ ಹಾವೇ ಕಚ್ಚಿದರೂ ವಿಷ ಬಿಡದೇ ಹೋದವರು ಏನು ಮಾಡಿದರೂ ಬದುಕುತ್ತಾರೆ, ಕೀರ್ತಿ ಕಲ್ಲಿಗೆ ಹೋಗುತ್ತದೆ.

ಮಾಡಬೇಕಾದದ್ದು ಕಡಿಮೆ. ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಬಾವು ಬರುವ ಮೊದಲೇ ಉಂಗುರ, ಕಾಲುಂಗುರ, ಗಡಿಯಾರ ಬಿಚ್ಚಿ. ಕಡಿದ ಕೈಕಾಲು ಅಲುಗಾಡದಂತೆ ದಬ್ಬೆಯಿಟ್ಟು, ನಡೆಸದೆ ಹೊತ್ತೊಯ್ಯಿರಿ. ಏಡಿಯ ಬಿಲಕ್ಕೆ ಬರಿಗೈ ಹಾಕುವವರಿಗೆ ನಾನು ಹೇಳಿ ಪ್ರಯೋಜನವಿಲ್ಲ, ಹಾಕಿಯೇ ಹಾಕುತ್ತಾರೆ. ಮೊದಲು ಒಂದು ಕೋಲನ್ನಾದರೂ ತೂರಿಸಿ ನೋಡಲಿ.

ಕಡಿದ ಹಾವನ್ನು ಕೊಂದು ವೈದ್ಯರಿಗೆ ತೋರಿಸಬೇಕೇ ಎಂದು ಕೆಲವರು ಕೇಳುವುದುಂಟು. ಬೇಡ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ನಾಲ್ಕಕ್ಕೂ ಔಷಧಿ ಒಂದೇ. ವೈದ್ಯರು ಸ್ವಲ್ಪ ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆಯೆಂದು ತಿಳಿದು ಔಷಧಿ ಶುರುಮಾಡುತ್ತಾರೆ.