ಸ್ಕೂಲಿಗೆ ಬರುವ ವ್ಯಾನೂ ನಮ್ಮ ಸಾಲದ ಲೆಕ್ಕವೂ

(ರೈತ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಬಲ ಬೆಲೆ, ಬಡ್ಡಿ, ಕರೆಂಟು ಇವುಗಳ ಬಗ್ಗೆ ಮಾತಾಡುವ ವೇದಿಕೆಯಲ್ಲಿ ಇವನ್ಯಾಕೆ ಸ್ಕೂಲು ಮಕ್ಕಳ ಆರೋಗ್ಯದ ಮಾತು ತೆಗೆದ ಅಂತ ನಿಮಗನ್ನಿಸಬಹುದು. ನಾನು ಹೇಳಲು ಹೊರಟಿರುವುದೂ ಸಾಲದ ವಿಷಯವೇ. ಸ್ವಲ್ಪ ತಾಳ್ಮೆಯಿಂದ ಕೇಳಿ.

ನಿಮ್ಮ ಮನೆಯ ಸಾಲದ ಲೆಕ್ಕ ಒಮ್ಮೆ ಬಿಡಿಸಿ ನೋಡಿ. ಗೊಬ್ಬರಕ್ಕೆಷ್ಟು, ಬೋರ್‌ವೆಲ್ಲಿಗೆಷ್ಟು, ಮದುವೆಗೆಷ್ಟು ಅಂತ ಬರೆದಿಟ್ಟಿರುತ್ತೀರಿ. ಅದರ ನಡುವೆ ‘ಆಸ್ಪತ್ರೆಗೆ’ ಅಂತ ಒಂದು ಸಾಲು ಇಲ್ಲದ ಮನೆ ಅಪರೂಪ. ಬೆಳೆಗಾದರೆ ಸೊಸೈಟಿ ಬಡ್ಡಿಯಿಲ್ಲದೆ ಸಾಲ ಕೊಡುತ್ತದೆ. ಮಗುವಿನ ಆಪರೇಷನ್ನಿಗೆ ಕೊಡುತ್ತದೆಯೇ? ಕೈಸಾಲವೇ ಗತಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂತಿಟ್ಟುಕೊಳ್ಳಿ. 50,000 ರೂಪಾಯಿಗೆ ವರ್ಷಕ್ಕೆ 18,000 ಬರೀ ಬಡ್ಡಿ. ಎಷ್ಟು ಮೂಟೆ ರಾಗಿ ಆಯಿತು, ನೀವೇ ಲೆಕ್ಕ ಹಾಕಿ.

ಈ ಸಾಲ ಬರುವ ದಾರಿಯಲ್ಲೇ ಅಡ್ಡ ನಿಲ್ಲುವ ಒಂದು ವ್ಯವಸ್ಥೆ ನಮ್ಮಲ್ಲಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ವ್ಯಾನಿನಲ್ಲಿ ಡಾಕ್ಟರು, ನರ್ಸು, ಔಷಧಿ ಕೊಡುವವರು ಬರಬೇಕು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ. ಹುಟ್ಟಿನಿಂದ ಬಂದ ಊನ, ಪೋಷಣೆಯ ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತ ಹೀಗೆ ಸುಮಾರು 30 ಬಗೆಯ ತೊಂದರೆಗಳನ್ನು ನೋಡಬೇಕು. ಸಿಕ್ಕಿದ ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ, ಶಸ್ತ್ರಚಿಕಿತ್ಸೆಯೂ ಸೇರಿ ಪುಕ್ಕಟೆ ಮಾಡಿಸಬೇಕು. ಇದು ನಿಯಮ.

ಇದರಿಂದೇನು ಲಾಭ ಅಂತೀರಾ? ಒಂದೇ ಕಾಯಿಲೆ ಹೇಳುತ್ತೇನೆ. ಮಗುವಿಗೆ ಗಂಟಲು ನೋವು ಬರುತ್ತದೆ, ವಾಸಿಯಾಗುತ್ತದೆ, ನಾವು ಮರೆಯುತ್ತೇವೆ. ಕೆಲವು ಮಕ್ಕಳಿಗೆ ಎರಡು ಮೂರು ವಾರ ಬಿಟ್ಟು ಜ್ವರ, ಕೀಲು ಊತ. ಡಾಕ್ಟರು ರುಮ್ಯಾಟಿಕ್ ಜ್ವರ ಅಂತಾರೆ. ಇದು ಮತ್ತೆ ಮತ್ತೆ ಬಂದರೆ ಹೃದಯದ ಕವಾಟ ಕೆಡುತ್ತದೆ. ಬೇಗ ಕಂಡುಹಿಡಿದರೆ ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದನ್ನು ಕೆಲವು ವರ್ಷ ಹಾಕಿಸಿದರೆ ಬಹುಮಟ್ಟಿಗೆ ತಡೆಯಬಹುದು. ಹಳೇ ಔಷಧಿ, ಅಗ್ಗದ ಔಷಧಿ. ತಡವಾದರೆ ಎದೆ ಸೀಳಿ ಕವಾಟ ಬದಲಾಯಿಸಬೇಕು. ಒಂದು ಕಡೆ ಚುಚ್ಚುಮದ್ದು, ಇನ್ನೊಂದು ಕಡೆ ಒಂದೆಕರೆ ಹೊಲದ ಪತ್ರ. ನಡುವೆ ಇರುವುದು ಸ್ಕೂಲಿನಲ್ಲಿ ಮಗುವಿನ ಎದೆಗೆ ಕೊಳವೆ ಇಟ್ಟು ಕೇಳುವ ಐದು ನಿಮಿಷ. ಕಳೆ ಎರಡೆಲೆ ಇದ್ದಾಗಲೇ ಕೀಳಬೇಕು ಅನ್ನೋದು ನಮಗೆ ಹೇಳಿಕೊಡಬೇಕೇ?

ಕೆಲವರು ಕೇಳುತ್ತಾರೆ: ಆಯುಷ್ಮಾನ್ ಕಾರ್ಡು ಇದೆಯಲ್ಲ, ಇನ್ಯಾಕೆ ವ್ಯಾನು? 2018ರಲ್ಲಿ ಬಂದ ಆ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಎಪಿಎಲ್ ಆದರೆ ಗೊತ್ತುಮಾಡಿದ ದರದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಹೊಲ ಇದ್ದ ತಪ್ಪಿಗೆ ಎಪಿಎಲ್ ಕಾರ್ಡು ಹಿಡಿದವರು ಈ ಸಭೆಯಲ್ಲಿ ಎಷ್ಟು ಜನರಿಲ್ಲ! ಅದಿರಲಿ, ಕಾರ್ಡು ಆಸ್ಪತ್ರೆಯ ಬಿಲ್ಲು ಕಟ್ಟೀತು, ಕಾಯಿಲೆ ಹುಡುಕಿಕೊಂಡು ಊರಿಗೆ ಬರುವುದಿಲ್ಲ. ಕರಿಹಲಗೆ ಕಾಣದ ಮಗುವನ್ನು ದಡ್ಡ ಅಂತ ಹೊಡೆಯುತ್ತಾ ಕೂರುತ್ತೇವೆ, ಬೇಕಾಗಿದ್ದದ್ದು ಒಂದು ಕನ್ನಡಕ.

ಇನ್ನು ಕೆಲವರು, ‘ನಮ್ಮ ಮಕ್ಕಳು ಕಾನ್ವೆಂಟಿಗೆ ಹೋಗ್ತಾರೆ, ನಮಗೇನು?’ ಅಂತಾರೆ. ಅಪಾಯ ಇರುವುದು ಇಲ್ಲೇ. ಊರಿನಲ್ಲಿ ಬಾಯಿ ಇರುವವರು ನಾವು. ನಾವು ಸರ್ಕಾರಿ ಶಾಲೆ ಬಿಟ್ಟೆವು, ಅದರ ಪರ ಕೇಳುವವರೇ ಇಲ್ಲವಾದರು. ಅಲ್ಲಿ ಉಳಿದಿರುವುದು ನಮ್ಮ ಹೊಲದಲ್ಲಿ ನಾಟಿ ಮಾಡುವವರ, ನಮ್ಮ ದಾಯಾದಿ ಬಡವರ ಮಕ್ಕಳು. ಅವರ ಮಗು ಮಲಗಿದರೆ ಅವರು ಮುಂಗಡ ಕೇಳಿ ಬರುವುದು ಯಾರ ಬಾಗಿಲಿಗೆ? ನಮ್ಮ ಬಾಗಿಲಿಗೇ.

ದುಡ್ಡಿನ ಮಾತಿಗೆ ಬರೋಣ. ಈ ಕಾರ್ಯಕ್ರಮದ ಖರ್ಚಿನಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ, 2025ರ ಹೊತ್ತಿಗೆ ದೇಶದ ಉತ್ಪನ್ನದ ಶೇ. 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು ಅಂತ ಬರೆದರು. 2021-22ರಲ್ಲಿ, ಕೋವಿಡ್ ಕಾಲದಲ್ಲೂ, ಆದದ್ದು ಶೇ. 1.84. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4 ಭಾಗವನ್ನು ಜನ ತಮ್ಮ ಜೇಬಿನಿಂದ ಕಟ್ಟಿದರು. ಸರ್ಕಾರ ಕೈ ಬಿಗಿ ಮಾಡಿದಷ್ಟೂ ನಮ್ಮ ಜೇಬು ಹರಿಯುತ್ತದೆ.

ಇಂಥ ಯೋಜನೆಯನ್ನು ಯಾರೂ ಆದೇಶ ಹೊರಡಿಸಿ ಮುಚ್ಚುವುದಿಲ್ಲ. ಗುತ್ತಿಗೆ ಡಾಕ್ಟರು ಬಿಟ್ಟುಹೋದ ಜಾಗ ತುಂಬದಿದ್ದರೆ ಸಾಕು. ವ್ಯಾನಿನ ಡೀಸೆಲ್ಲಿಗೆ ಹಣ ತಡವಾದರೆ ಸಾಕು. ಮಾತ್ರೆ ಡಬ್ಬ ಖಾಲಿಯಾದರೆ ಸಾಕು. ಕಾಗದದ ಮೇಲೆ ಯೋಜನೆ ಬದುಕಿರುತ್ತದೆ, ಊರಿನಲ್ಲಿ ಸತ್ತಿರುತ್ತದೆ.

ಆದ್ದರಿಂದ ನಮ್ಮ ಕೆಲಸವೇನು? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಈ ವರ್ಷ ವ್ಯಾನು ನಮ್ಮ ಶಾಲೆಗೆ ಯಾವ ತಾರೀಕು ಬಂದಿತ್ತು? ಎಷ್ಟು ಮಕ್ಕಳನ್ನು ಆಸ್ಪತ್ರೆಗೆ ಬರೆದುಕೊಟ್ಟರು? ಅವರಲ್ಲಿ ಎಷ್ಟು ಮಕ್ಕಳಿಗೆ ಚಿಕಿತ್ಸೆ ಮುಗಿದಿದೆ? ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ಹಾಕಿ, ತಾಲ್ಲೂಕಿಗೆ ಬಂದ ಹಣವೆಷ್ಟು, ಖಾಲಿ ಬಿದ್ದ ಹುದ್ದೆ ಎಷ್ಟು ಅಂತ ಬರೆಸಿಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯವರು ಆ ಲೆಕ್ಕವನ್ನು ಶಾಲೆ ಗೋಡೆಗೆ ಅಂಟಿಸಲಿ. ಬೇಡಿಕೆ ಪಟ್ಟಿಯಲ್ಲಿ ಬೆಲೆಯ ಕೆಳಗೆ ಇದನ್ನೂ ಸೇರಿಸೋಣ.

1980ರ ದಶಕದಲ್ಲಿ ರೈತ ಚಳವಳಿ ಊರ ಬಾಗಿಲಲ್ಲಿ ಬೋರ್ಡು ನೆಟ್ಟಿತು: ಅನುಮತಿಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಅಂತ. ವಸೂಲಿಗೆ ಬರುವ ಜೀಪನ್ನು ತಡೆಯುವುದು ನಮಗೆ ಗೊತ್ತು. ಬರಬೇಕಾದ ವ್ಯಾನು ಬಾರದಿದ್ದಾಗ ಹೋಗಿ ಕರೆತರುವುದನ್ನೂ ಕಲಿಯೋಣ. ಅದು ಯಾರೋ ಕೊಡುವ ಭಿಕ್ಷೆಯಲ್ಲ. ಡೀಸೆಲ್ಲಿನಿಂದ ಬೆಂಕಿಪೊಟ್ಟಣದವರೆಗೆ ತೆರಿಗೆ ಕಟ್ಟುವ ನಮ್ಮದೇ ದುಡ್ಡು.